ಒಂದು ಕೈಯಲ್ಲಿ ಗ್ರಹ ಹುಡುಕಿದ್ದು

ಡಯಾಲಿಸಿಸ್ ಶುರುವಾದ ಮೊದಲ ತಿಂಗಳಲ್ಲಿ ನಾನು ಕಲಿತದ್ದು ಒಂದೇ ವಿದ್ಯೆ, ಎಡಗೈಯನ್ನು ನಾಲ್ಕು ಗಂಟೆ ಅಲ್ಲಾಡಿಸದೆ ಇಡುವುದು. ಮೊಣಕೈಯ ಹತ್ತಿರ ಎರಡು ದಪ್ಪ ಸೂಜಿ ಚುಚ್ಚಿರುತ್ತಾರೆ. ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಇನ್ನೊಂದರಿಂದ ಶುದ್ಧವಾಗಿ ವಾಪಸು ಬರುತ್ತದೆ. ಕೈ ಸ್ವಲ್ಪ ಮಡಚಿದರೂ ಯಂತ್ರ ಕೂಗಿಕೊಳ್ಳುತ್ತದೆ. ಅದು ಕೂಗಿದರೆ ಸಿಸ್ಟರ್ ಓಡಿ ಬರಬೇಕು, ಅವರೊಬ್ಬರಿಗೆ ಆರು ಹಾಸಿಗೆ. ಅವರಿಗೆ ತೊಂದರೆ ಕೊಡಬಾರದೆಂದು ನಾನು ಮಲಗಿದಲ್ಲೇ ಮಲಗಿ ಫ್ಯಾನು ನೋಡುತ್ತಿದ್ದೆ.

ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ. ಸಿದ್ದಾಪುರದಿಂದ ಬೆಳಗಿನ ಮೊದಲ ಬಸ್ಸು ಹತ್ತಿ ಶಿರಸಿಗೆ ಹೋಗುವುದು, ತೂಕ ನೋಡಿಸಿಕೊಂಡು ಮಲಗುವುದು, ಮಧ್ಯಾಹ್ನದ ಬಸ್ಸಿಗೆ ಮರಳುವುದು. ಆವತ್ತಿನ ಉಳಿದ ದಿನ ಲೆಕ್ಕಕ್ಕಿಲ್ಲ. ಮನೆಗೆ ಬಂದು ಒಂದು ಬಾಗಿಲು ಹಾಕುವುದಕ್ಕೂ ಯೋಚನೆ ಮಾಡಬೇಕು, ಅಷ್ಟು ಸುಸ್ತು. ಮರುದಿನ ಸ್ವಲ್ಪ ಜೀವ ಬಂದಂತಾಗುತ್ತದೆ, ಅದರ ಮರುದಿನ ಕಾಲು ಊದಲು ಶುರುವಾಗುತ್ತದೆ, ಆಮೇಲೆ ಮತ್ತೆ ಬಸ್ಸು. ಹೆಗ್ಗರಣೆಯ ತವರಿನಿಂದ ಅಮ್ಮ ಫೋನು ಮಾಡಿ "ಹೇಗಿದ್ದೀಯೆ?" ಎಂದು ಕೇಳಿದಾಗಲೆಲ್ಲ "ಸುಸ್ತು" ಎನ್ನುತ್ತಿದ್ದೆ. ಕೊನೆಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. "ಊಟ ಆಯ್ತಾ?" ಎಂದಷ್ಟೇ ಕೇಳಿ ಇಡುತ್ತಾಳೆ.

ಅದಕ್ಕೂ ಮೊದಲು ಎಷ್ಟೋ ವರ್ಷ ಸಿದ್ದಾಪುರದ ಬಸ್ ನಿಲ್ದಾಣದ ಹತ್ತಿರ ಡಿಟಿಪಿ ಅಂಗಡಿ ನಡೆಸಿದವಳು ನಾನು. ಮದುವೆ ಕಾರ್ಡು, ಸೊಸೈಟಿಯ ವಾರ್ಷಿಕ ವರದಿ, ಕಾಲೇಜು ಮಕ್ಕಳ ಪ್ರಾಜೆಕ್ಟು. ತಲೆನೋವು ಬಂದರೆ ಒಂದು ಮಾತ್ರೆ ನುಂಗಿ ಮತ್ತೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಅದು ಬಿಪಿಯ ತಲೆನೋವು ಎಂದು ಗೊತ್ತಾಗುವ ಹೊತ್ತಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ಈಗ ಅಂಗಡಿಯನ್ನು ನನ್ನ ಗಂಡ ನೋಡಿಕೊಳ್ಳುತ್ತಾರೆ. ಅವರಿಗೆ ಝೆರಾಕ್ಸ್ ಬರುತ್ತದೆ, ಟೈಪಿಂಗ್ ಬರುವುದಿಲ್ಲ.

ಹಾಗಾಗಿ ಒಂದು ಶುಕ್ರವಾರ ಲ್ಯಾಪ್‌ಟಾಪನ್ನು ಆಸ್ಪತ್ರೆಗೇ ಒಯ್ದೆ. ಯಾರದೋ ಮದುವೆ ಕಾರ್ಡು ತುರ್ತಾಗಿ ಆಗಬೇಕಿತ್ತು. ಒಂದೇ ಕೈಯಲ್ಲಿ ಕನ್ನಡ ಟೈಪು ಮಾಡಲು ಹೊರಟರೆ ಒತ್ತಕ್ಷರಕ್ಕೊಂದು ಸಲ ಬೆರಳು ತಪ್ಪುತ್ತಿತ್ತು. ಅರ್ಧ ಗಂಟೆಯಲ್ಲಿ ವಧುವಿನ ಅಪ್ಪನ ಹೆಸರೂ ಮುಗಿಯಲಿಲ್ಲ. ನನಗೆ ಅಳು ಬಂತು. ಟೈಪಿಂಗ್ ನನಗೆ ಉಸಿರಾಟದಷ್ಟು ಸಲೀಸಾಗಿದ್ದ ಕೆಲಸ.

ಸಿಸ್ಟರ್ ನೋಡಿದರು. ಹಾನಗಲ್ಲ ಕಡೆಯವರು, ಮೂವತ್ತರ ಆಸುಪಾಸು, ಸೂಜಿ ಹಾಕುವುದರಲ್ಲಿ ಗಟ್ಟಿಗರು. ಕಣ್ಣೀರಿನ ವಿಷಯ ಎತ್ತಲಿಲ್ಲ.

"ಅಕ್ಕಾರ, ಇದು ಎರಡ ಕೈ ಕೆಲಸ. ಬಿಡ್ರಿ ಇದನ್ನ. ಒಂದ ಕೈಲೆ ಆಡೋ ಆಟ ಐತಿ, ಹಾಕಿ ಕೊಡ್ಲೇನು?"

"ಆಟ ಆಡೋ ವಯಸ್ಸಾ ಸಿಸ್ಟರ್ ನಂದು?"

"ನಂದೇನ್ ಸಣ್ಣ ವಯಸ್ಸೇನ್ರಿ? ನಾ ಆಡ್ತೀನಲ್ಲ."

ಅವರು ಆಡುವುದು ಆಕಾಶನೌಕೆಗಳ ಒಂದು ಆನ್‌ಲೈನ್ ಆಟ. ಜಗತ್ತಿನ ಮೂಲೆಮೂಲೆಯವರು ಅದರಲ್ಲಿ ನೌಕೆ ಓಡಿಸುತ್ತಾರೆ, ವ್ಯಾಪಾರ ಮಾಡುತ್ತಾರೆ, ಗುಂಪು ಕಟ್ಟಿಕೊಂಡು ಯುದ್ಧ ಹೂಡುತ್ತಾರೆ. ಬಿಳಿ ಸಮವಸ್ತ್ರ ಹಾಕಿಕೊಂಡು ನಮ್ಮ ಬಿಪಿ ಬರೆದುಕೊಳ್ಳುವ ಈ ಹೆಂಗಸಿಗೆ ಅಲ್ಲಿ ಮೂರು ನೌಕೆ ಇದ್ದವು! ಮುಂದಿನ ಮಂಗಳವಾರ ನನ್ನ ಲ್ಯಾಪ್‌ಟಾಪಿಗೆ ಆಟ ಹಾಕಿ, ಚಿತ್ರದ ಮೆರುಗನ್ನೆಲ್ಲ ಕಡಿಮೆ ಮಾಡಿ ಕೊಟ್ಟರು. ನೌಕೆ ಹೊರಡಿಸಿದ ಐದೇ ನಿಮಿಷಕ್ಕೆ ಯಾರೋ ಬಂದು ಸುಟ್ಟು ಹಾಕಿದರು. ತಪ್ಪಿಸಿಕೊಳ್ಳಬೇಕಾದರೆ ಅದಕ್ಕೂ ಎರಡು ಕೈ ಬೇಕು.

"ಇದಲ್ರಿ ನಾ ಹೇಳಿದ್ದು" ಎಂದು ಅವರು ಆಟದೊಳಗಿನ ಇನ್ನೊಂದು ಕಿಟಕಿ ತೆರೆದರು. ಅಲ್ಲಿ ನೌಕೆ ಇರಲಿಲ್ಲ. ಕಪ್ಪು ಪರದೆಯ ಮೇಲೆ ಎಡದಿಂದ ಬಲಕ್ಕೆ ಸಾವಿರಾರು ಸಣ್ಣ ಚುಕ್ಕಿಗಳ ಒಂದು ಗೆರೆ.

ಅದು ನಿಜವಾದ ನಕ್ಷತ್ರದ ಬೆಳಕು ಎಂದು ಸಿಸ್ಟರ್ ಹೇಳಿದರು. ದೂರದರ್ಶಕವೊಂದು ಒಂದೇ ನಕ್ಷತ್ರವನ್ನು ದಿನಗಟ್ಟಲೆ ನೋಡಿ ಅದರ ಬೆಳಕು ಎಷ್ಟಿದೆ ಎಂದು ಅಳೆದಿರುತ್ತದೆ. ಆ ನಕ್ಷತ್ರಕ್ಕೊಂದು ಗ್ರಹವಿದ್ದು, ಸುತ್ತುವಾಗ ನಮಗೆ ಅಡ್ಡ ಬಂದರೆ ಬೆಳಕು ಒಂದಿಷ್ಟು ಇಳಿಯುತ್ತದೆ. ಗೆರೆಯಲ್ಲಿ ಸಣ್ಣ ಕುಳಿ ಬೀಳುತ್ತದೆ. ಅಂಥ ಕುಳಿ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬಂದರೆ ಅಲ್ಲಿ ಗ್ರಹ ಇರಬಹುದು. ಕಂಪ್ಯೂಟರಿಗೆ ತಪ್ಪಿಹೋಗುವ ಕುಳಿಗಳು ಮನುಷ್ಯರ ಕಣ್ಣಿಗೆ ಬೀಳುತ್ತವೆಂದು ವಿಜ್ಞಾನಿಗಳು ಈ ಕೆಲಸವನ್ನು ಆಟದೊಳಗೆ ಇಟ್ಟಿದ್ದರು. ಒಂದೇ ಗೆರೆಯನ್ನು ಎಷ್ಟೋ ಜನರಿಗೆ ತೋರಿಸುತ್ತಾರೆ. ಬಹಳ ಜನ ಒಂದೇ ಕಡೆ ಗುರುತು ಹಾಕಿದರೆ ಅದನ್ನು ತಾವು ಪರಿಶೀಲಿಸುತ್ತಾರೆ. ನಾವು ಮಾಡಬೇಕಾದದ್ದು ಮೌಸ್ ಹಿಡಿದು ಕುಳಿಯ ಮೇಲೆ ಗುರುತು ಹಾಕುವುದು, ಇಲ್ಲವೇ "ಏನೂ ಇಲ್ಲ" ಎಂಬ ಗುಂಡಿ ಒತ್ತುವುದು.

"ನಡುವ ನಡುವ ಉತ್ತರ ಗೊತ್ತಿರೋ ಗೆರಿ ಕೊಡ್ತಾರ್ರಿ, ನೀವು ಖರೇನ ನೋಡಾಕತ್ತೀರೋ ಇಲ್ಲೋ ಅಂತ ಪರೀಕ್ಷಾ ಮಾಡಾಕ" ಎಂದು ಎಚ್ಚರಿಸಿ ಅವರು ಬೇರೆ ಹಾಸಿಗೆಗೆ ಹೋದರು.

ಮೊದಲ ಎರಡು ವಾರ ನನ್ನ ಅಂಕ ಪಾತಾಳಕ್ಕೆ ಇಳಿಯಿತು. ಕರಡು ತಿದ್ದಿ ತಿದ್ದಿ ನನಗೆ ಎಲ್ಲ ಕಡೆಯೂ ತಪ್ಪು ಕಾಣುವ ಚಾಳಿ. ಒಂದು ಚುಕ್ಕಿ ಕೆಳಗೆ ಜಾರಿದ್ದರೂ ಗುರುತು ಹಾಕಿಬಿಡುತ್ತಿದ್ದೆ. ಪರೀಕ್ಷೆಯ ಗೆರೆ ಬಂದಾಗಲೆಲ್ಲ ಕೆಂಪು ಅಕ್ಷರದಲ್ಲಿ ತಪ್ಪು ಎಂದು ಬರುತ್ತಿತ್ತು. ಆದರೂ ಬಿಡಲಿಲ್ಲ. ಉತ್ಸಾಹ ಇತ್ತೆಂದಲ್ಲ, ಗಡಿಯಾರ ನೋಡುವುದು ತಪ್ಪುತ್ತಿತ್ತು, ಅಷ್ಟೇ.

ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಭಟ್ಟರು. ಯಲ್ಲಾಪುರದ ಆಚೆಯ ಒಂದು ಹಳ್ಳಿಯವರು. ನಲವತ್ತು ವರ್ಷ ಮದುವೆ ಮುಂಜಿಗಳಿಗೆ ಅಡುಗೆ ಮಾಡಿದವರು. ನನ್ನ ಸೋದರತ್ತೆಯ ಊರಾದ ಹೆಗಡೆಕಟ್ಟಾದ ಕಡೆಗೂ ಎಷ್ಟೋ ಊಟಕ್ಕೆ ಬಂದಿದ್ದರಂತೆ. ಯಾರ ಹತ್ತಿರ ಮಾತಾಡಿದರೂ ಅವರದು ಮನೆಮಾತೇ. ನಮ್ಮದು ಗದ್ದೆ ಮಾಡುವವರ ಮನೆ, ನಮ್ಮ ಮಾತು ಬೇರೆ. ಆದರೂ ಅವರ ಮಾತು ನನಗೆ ಹುಟ್ಟಿದಂದಿನಿಂದ ಕೇಳಿದ್ದೇ. ಅವರ ‘ಆನು’ ಎಂದರೆ ನಾನು, ‘ಯಂಗೆ’ ಎಂದರೆ ನನಗೆ, ‘ಇದ್ದು’ ಎಂದರೆ ಇದೆ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಎಂತ ಅದು ತಂಗಿ, ಶೇರು ಪೇಟೆಯನ?" ಎಂದು ಅವರು ಒಂದು ದಿನ ಕತ್ತು ತಿರುಗಿಸಿ ಕೇಳಿದರು.

"ಶೇರಲ್ಲ ಭಟ್ರೆ. ನಕ್ಷತ್ರ."

"ನಕ್ಷತ್ರ ಎಲ್ಲಿದ್ದು ಅದ್ರಲ್ಲಿ? ಗಸಗಸೆ ಚೆಲ್ಲಿದಂಗೆ ಕಾಣ್ತು."

ಸಿಸ್ಟರ್ ನನಗೆ ಹೇಳಿದ್ದನ್ನು ನಾನು ಅವರಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು. "ಅಂದ್ರೆ ಗ್ರಹ ಕಾಣ್ತಿಲ್ಲೆ. ಅಡ್ಡ ಬಂದಿದ್ದು ಮಾತ್ರ ಗೊತ್ತಾಗ್ತು."

"ಹೌದು."

"ಯಾವ ಗ್ರಹ ಅಡ್ಡ ಬಂದ್ರೂ ಯಂಗೇ ಬಂದಿದ್ದು ಹೇಳಿ ತಿಳ್ಕಂಡಿದ್ದೆ ಇಷ್ಟು ದಿನ" ಎಂದು ನಕ್ಕರು. ನಾನೂ ನಕ್ಕೆ. ಆ ಕೋಣೆಯಲ್ಲಿ ಅದು ಅಪರೂಪ.

ಆಮೇಲೆ ಲ್ಯಾಪ್‌ಟಾಪನ್ನು ಇಬ್ಬರಿಗೂ ಕಾಣುವಂತೆ ಊಟದ ಮೇಜಿನ ಮೇಲೆ ಓರೆಯಾಗಿ ಇಡತೊಡಗಿದೆ. ಭಟ್ಟರು ಕನ್ನಡಕ ಏರಿಸಿ ನೋಡುತ್ತಿದ್ದರು. ಬಿಸಿ ಎಣ್ಣೆ, ಹೊಗೆ ಎಂದು ಆಯುಷ್ಯ ಕಳೆದ ಮನುಷ್ಯನ ಕಣ್ಣು ಇಷ್ಟು ಚುರುಕಾಗಿರಬಹುದೆಂದು ನಾನು ಎಣಿಸಿರಲಿಲ್ಲ. ಕಣ್ಣಿಗಿಂತ ದೊಡ್ಡದು ಅವರ ತಾಳ್ಮೆ. ನಾನು ಗುರುತು ಹಾಕಲು ಮೌಸ್ ಎತ್ತಿದರೆ "ತಡಿ" ಎನ್ನುತ್ತಿದ್ದರು. ಇನ್ನೊಮ್ಮೆ ಗೆರೆಯನ್ನು ಮೊದಲಿನಿಂದ ಕೊನೆಯವರೆಗೆ ಜರುಗಿಸಲು ಹೇಳುತ್ತಿದ್ದರು. ಬಾಯಲ್ಲೇ ಎಣಿಸುತ್ತಿದ್ದರು. "ಒಂದು ಇಲ್ಲಿ ಇದ್ದು. ಎರಡನೇದು ಇಷ್ಟೇ ದೂರಕ್ಕೆ ಬರಕಾಗಿತ್ತು, ಬಂಜಿಲ್ಲೆ. ಬಿಡು, ಎಂತೂ ಇಲ್ಲೆ ಇದ್ರಲ್ಲಿ." ನಾನು "ಏನೂ ಇಲ್ಲ" ಒತ್ತುತ್ತಿದ್ದೆ. ನಮ್ಮ ಅಂಕ ನಿಧಾನವಾಗಿ ಏರಿತು.

ಹತ್ತರಲ್ಲಿ ಎಂಟು ಗೆರೆಗಳಲ್ಲಿ ನಿಜಕ್ಕೂ ಏನೂ ಇರುತ್ತಿರಲಿಲ್ಲ. ಉಳಿದ ಎರಡರಲ್ಲಿ ಇದ್ದ ಹಾಗೆ ಕಾಣುತ್ತಿತ್ತು. ಗುರುತು ಹಾಕಿ ಕಳಿಸಿದ ಮೇಲೆ ಅದು ಏನಾಯಿತೆಂದು ನಮಗೆ ತಿಳಿಯುತ್ತಿರಲಿಲ್ಲ. ಬಹುಮಾನವೆಂದು ಆಟದೊಳಗಿನ ಬಟ್ಟೆಬರೆ ಕೊಡುತ್ತಿದ್ದರು. ನನ್ನ ಹೆಸರಿನ ಗೊಂಬೆಗೆ ಒಂದು ನೀಲಿ ಕೋಟು ಬಂದಿತ್ತು. ಭಟ್ಟರಿಗೆ ಅದನ್ನು ತೋರಿಸಿದರೆ "ಥೋ" ಎಂದರು.

ಗೆರೆ ಲೋಡ್ ಆಗುವ ನಡುವೆ ಅವರು ಅಡುಗೆಯ ಮಾತು ಹೇಳುತ್ತಿದ್ದರು. ಅದೂ ನಮ್ಮಿಬ್ಬರಿಗೂ ನಿಷಿದ್ಧವಾದ ಪದಾರ್ಥಗಳದ್ದೇ. ಕಾಡುಮಾವಿನ ಅಪ್ಪೆಮಿಡಿ ಬೇಯಿಸಿ ಕಿವುಚಿ, ನೀರು ಬೆರೆಸಿ, ಇಂಗಿನ ಒಗ್ಗರಣೆ ಕೊಟ್ಟ ಅಪ್ಪೆಹುಳಿಯನ್ನು ಊಟದ ಕೊನೆಗೆ ಜನ ಹೇಗೆ ಲೋಟಗಟ್ಟಲೆ ಕುಡಿಯುತ್ತಿದ್ದರು ಎಂದು ಹೇಳಿ, ತಾವೇ ತುಟಿ ಒರೆಸಿಕೊಳ್ಳುತ್ತಿದ್ದರು. ನಮಗೆ ದಿನಕ್ಕೆ ಇಷ್ಟೇ ನೀರು ಎಂಬ ಅಳತೆ. ಉಪ್ಪು ಅಷ್ಟಕ್ಕಷ್ಟೆ, ಎಳನೀರು ಮುಟ್ಟುವಂತಿಲ್ಲ. "ಹೇಳಬೇಡಿ ಭಟ್ರೆ, ಬಾಯಾರಿಕೆ ಆಗ್ತದೆ" ಎಂದರೆ "ಯಂಗೂ ಆಗ್ತು" ಎಂದು ಮುಂದುವರಿಸುತ್ತಿದ್ದರು.

ಒಂದು ಮಂಗಳವಾರ ಬೆಳಗ್ಗೆ ನಾನು ಸರಿಯಾಗಿ ತಿಂದಿರಲಿಲ್ಲ. ಹಿಂದಿನ ದಿನ ನೀರು ಜಾಸ್ತಿ ಕುಡಿದಿದ್ದೆ, ತೂಕ ಏರಿತ್ತು, ಅದನ್ನೆಲ್ಲ ಯಂತ್ರ ಎಳೆದು ತೆಗೆಯಬೇಕಿತ್ತು. ಮೂರನೆಯ ಗಂಟೆಯಲ್ಲಿ ಒಂದು ಹೊಸ ಗೆರೆ ತೆರೆದೆ. ಮೂರು ಕಡೆ ಆಳವಾದ ಕುಳಿ, ಅಂತರವೂ ಸಮ. ಇದು ಖಂಡಿತ ಎಂದು ಮೂರಕ್ಕೂ ಗುರುತು ಹಾಕಿದೆ. ಕಳಿಸುವ ಗುಂಡಿಯತ್ತ ಮೌಸ್ ಒಯ್ಯುವಾಗ ಆಕಳಿಕೆ ಬಂತು, ಹಿಂದೆಯೇ ಇನ್ನೊಂದು. ಕಿವಿ ಮುಚ್ಚಿದಂತಾಯಿತು. ಪರದೆಯ ಚುಕ್ಕಿಗಳು ದೂರ ದೂರ ಹೋದವು. ಆಮೇಲಿನದು ನನಗೆ ನೆನಪಿಲ್ಲ.

ಕಣ್ಣು ಬಿಟ್ಟಾಗ ಕಾಲು ಮೇಲೆ, ತಲೆ ಕೆಳಗೆ ಇತ್ತು. ಸಿಸ್ಟರ್ ಕೆನ್ನೆ ತಟ್ಟುತ್ತಿದ್ದರು. "ಅಕ್ಕಾರ, ಕಣ್ಣ ತಗೀರಿ. ನನ್ನ ನೋಡ್ರಿ. ಬಿಪಿ ಇಳಿದಿತ್ತು, ಸಲೈನ್ ಹಾಕೀನಿ. ಏನಾಗಿಲ್ಲ." ಅವರ ಹಣೆಯ ಮೇಲೆ ಬೆವರು ಕಂಡೆ. ಮೈಯೆಲ್ಲ ತಣ್ಣಗಾಗಿ, ನನ್ನ ಸೀರೆ ನನ್ನ ಬೆವರಿಗೇ ಒದ್ದೆಯಾಗಿತ್ತು. ಕೂಗಿ ಕರೆದದ್ದು ಭಟ್ಟರಂತೆ. ಏಳಲು ಅವರಿಂದ ಆಗುವಂತಿರಲಿಲ್ಲ, ಅವರ ಕೈಯಲ್ಲೂ ಸೂಜಿ. ಮಲಗಿದಲ್ಲಿಂದಲೇ ಊಟದ ಪಂಕ್ತಿಗೆ ಕೂಗುವ ದನಿಯಲ್ಲಿ "ಸಿಸ್ಟರೇ!" ಎಂದು ಕೂಗಿದ್ದರು, ಹೊರಗೆ ಕೂತವರೆಲ್ಲ ಬಾಗಿಲಿಗೆ ಬಂದಿದ್ದರು.

ಅರ್ಧ ಗಂಟೆ ಕಳೆದ ಮೇಲೆ ನಾನು ಅವರ ಕಡೆ ತಿರುಗಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಲ್ಯಾಪ್‌ಟಾಪ್ ಇನ್ನೂ ಓರೆಯಾಗಿ ಹಾಗೇ ನಿಂತಿತ್ತು, ಅದೇ ಗೆರೆ.

"ಭಟ್ರೆ" ಎಂದೆ.

"ಇನ್ನೊಂದು ಇದ್ದು" ಎಂದರು.

"ಎಂತದು?"

"ನೀ ಮೂರು ಗುರುತು ಹಾಕಿದ್ದೆ ಅಲ್ದಾ. ಅದು ದೊಡ್ಡದು. ಅದ್ರ ನಡುವೆ ಇನ್ನೊಂದು ಸಣ್ಣದು ಇದ್ದು. ಎರಡು ಕಡೆ. ಎಣಿಸಿದೆ ಆನು, ಅಂತರ ಬೇರೆ. ಎರಡನೇ ಗ್ರಹ ಅದು."

"ಇಷ್ಟು ಹೊತ್ತೂ ಅದನ್ನೇ ನೋಡ್ತಿದ್ರಾ?"

ಅವರು ಕನ್ನಡಕ ತೆಗೆದರು. "ಹೆದರಿಕೆ ಆತು ಯಂಗೆ. ನಿನ್ನ ಮುಖ ಬೆಳ್ಳಗಾಗಿತ್ತು. ನೋಡಲೆ ಧೈರ್ಯ ಇತ್ತಿಲ್ಲೆ. ಕಣ್ಣು ಮುಚ್ಚಿಕಂಡ್ರೆ ಇನ್ನೂ ಹೆದರಿಕೆ. ಅದ್ಕೇ ಅದನ್ನೇ ನೋಡ್ತಾ ಇದ್ದೆ."

ನಾನು ಮತ್ತೆ ಮೌಸ್ ಹಿಡಿದೆ. ಅವರು ಹೇಳಿದ ಕಡೆ ಗೆರೆಯನ್ನು ದೊಡ್ಡದು ಮಾಡಿದೆ. ಹೌದು, ಇತ್ತು. ಕೂದಲೆಳೆಯಷ್ಟು ಇಳಿತ. ನಾನೊಬ್ಬಳೇ ಆಗಿದ್ದರೆ ಎಂದಿಗೂ ಕಾಣುತ್ತಿರಲಿಲ್ಲ. ಎರಡಕ್ಕೂ ಗುರುತು ಹಾಕಿ ಕಳಿಸಿದೆ.

ಕೂಡಲೇ ಪರದೆ ಹಸಿರಾಯಿತು. ಐದೂ ಸರಿ. ಕೆಳಗೆ ವಿವರ ಬಂತು. ಅದು ಪರೀಕ್ಷೆಯ ಗೆರೆ. ಆ ನಕ್ಷತ್ರಕ್ಕೆ ಎರಡು ಗ್ರಹಗಳಿರುವುದು ಮೊದಲೇ ತಿಳಿದ ಸಂಗತಿ. ಯಾರೋ ಎಂದೋ ಕಂಡುಹಿಡಿದು ಆಗಿತ್ತು.

ಭಟ್ಟರು ನನ್ನ ಮುಖ ನೋಡಿದರು. "ಎಂತ ಹೇಳ್ತು ಅದು?"

"ಸರಿ ಅಂತಿದೆ. ಎರಡು ಗ್ರಹ. ಆದ್ರೆ ಹೊಸತಲ್ಲ ಭಟ್ರೆ, ಮೊದಲೇ ಗೊತ್ತಿದ್ದದ್ದು. ನಮ್ಮ ಪರೀಕ್ಷೆಗೆ ಇಟ್ಟಿದ್ರು."

"ಪಾಸನ, ಫೇಲನ?"

"ಪಾಸು."

"ಅಡ್ಡಿಲ್ಲೆ ಹಂಗಾರೆ" ಎಂದು ಅವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ಆ ದಿನ ಗಂಡ ಸಿದ್ದಾಪುರದಿಂದ ಬೈಕಿನಲ್ಲಿ ಬಂದರು. ಸಿಸ್ಟರ್ ಫೋನು ಮಾಡಿದ್ದರು. ಮನೆಯಲ್ಲಿ ನಾನು ಎರಡು ದಿನ ಮೇಲೇಳಲಿಲ್ಲ. ಮಲಗಿದಲ್ಲಿ ನನಗೆ ಬೇಸರವಾದದ್ದು ಗ್ರಹ ಹಳೆಯದು ಎಂದು ತಿಳಿದದ್ದಕ್ಕಲ್ಲ. ಆ ಮನುಷ್ಯ ಅಷ್ಟು ಹೊತ್ತು ನೋಡಿ ಕಂಡದ್ದು ಎಲ್ಲಿಯೂ ದಾಖಲಾಗುವುದಿಲ್ಲವಲ್ಲ ಎಂದು. ಅಂಕ ಏರಿದ್ದು ನನ್ನ ಖಾತೆಯಲ್ಲಿ. ಅವರಿಗೆ ಖಾತೆಯೇ ಇರಲಿಲ್ಲ. ಮುಂದಿನ ಶುಕ್ರವಾರ, "ನಿಮ್ಮ ಹೆಸರಲ್ಲೂ ಒಂದು ಮಾಡೋಣ ಭಟ್ರೆ" ಎಂದೆ. "ಯಂಗೆಂತಕ್ಕೆ? ನೀಲಿ ಕೋಟು ಹಾಕ್ಕಂಡು ಎಲ್ಲಿಗೆ ಹೋಗವು?" ಎಂದುಬಿಟ್ಟರು.

ಒಟ್ಟು ಏಳೆಂಟು ತಿಂಗಳು ನಾವು ಹೀಗೆ ನೋಡಿದೆವು. ಎಷ್ಟು ಗೆರೆ ಎಂದು ನಾನು ಬರೆದಿಟ್ಟುಕೊಳ್ಳಲಿಲ್ಲ. ಎಲ್ಲ ದಿನವೂ ಒಂದೇ ಹುರುಪು ಇರುತ್ತಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ದಿನ ಅವರ ಕಾಲಿಗೆ ಸೆಡೆತ ಬಂದು ಹಲ್ಲು ಕಚ್ಚಿ ಮಲಗಿರುತ್ತಿದ್ದರು, ಕೆಲವು ದಿನ ನಾನು ಲ್ಯಾಪ್‌ಟಾಪ್ ತೆರೆಯುವಷ್ಟೂ ತ್ರಾಣವಿಲ್ಲದೆ ಇರುತ್ತಿದ್ದೆ. ಆಗ ಅವರು ಕೇಳುತ್ತಲೂ ಇರಲಿಲ್ಲ. ಇಬ್ಬರೂ ಸುಮ್ಮನೆ ಮಲಗಿ, ಯಂತ್ರದ ಚಕ್ರ ತಿರುಗುವ ಸದ್ದು ಕೇಳುತ್ತಿದ್ದೆವು.

ಬೇಸಿಗೆಯ ಒಂದು ಶುಕ್ರವಾರ ಸೂಜಿ ತೆಗೆಸಿಕೊಂಡು, ಹತ್ತಿ ಒತ್ತಿ ಹಿಡಿದು ಕೂತಿದ್ದಾಗ ಭಟ್ಟರು ಹೇಳಿದರು, "ಮುಂದಿನ ವಾರದಿಂದ ಆನು ಬತ್ನಿಲ್ಲೆ ತಂಗಿ. ಯಲ್ಲಾಪುರದಲ್ಲೇ ಜಾಗ ಸಿಕ್ತು. ಬಸ್ಸು ಅರ್ಧಕ್ಕರ್ಧ ಉಳೀತು."

"ಒಳ್ಳೇದಾಯ್ತು ಭಟ್ರೆ" ಎಂದೆ. ನಿಜಕ್ಕೂ ಒಳ್ಳೆಯದೇ. ಮಂಚಿಕೇರಿ ದಾರಿಯ ತಿರುವುಗಳಲ್ಲಿ ಅವರಿಗೆ ಪ್ರತಿ ಸಲ ವಾಂತಿಯಾಗುತ್ತಿತ್ತು. ಅವರು ಚೀಲ ಹೆಗಲಿಗೆ ಹಾಕಿಕೊಂಡು, ಸಿಸ್ಟರ್‌ಗೆ ಕೈ ಮುಗಿದು, ನನಗೆ "ಸರಿಯಾಗಿ ತಿಂದ್ಕಂಡು ಬಾ, ಬಿಪಿ ಇಳಿಸಿಕಳಡ" ಎಂದು ಹೇಳಿ ಹೊರಟರು. ಬಾಗಿಲ ಬಳಿ ತಿರುಗಿ ನೋಡಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಆ ಹಾಸಿಗೆಗೆ ಬಂದವರು ಮೊಬೈಲಿನಲ್ಲಿ ಜೋರಾಗಿ ಧಾರಾವಾಹಿ ಹಾಕಿಕೊಳ್ಳುವ ಹೆಂಗಸು. ತಪ್ಪೇನಿಲ್ಲ, ಅವರ ನಾಲ್ಕು ಗಂಟೆಯೂ ಕಳೆಯಬೇಕು. ನಾನು ಲ್ಯಾಪ್‌ಟಾಪನ್ನು ನೇರ ಮಾಡಿಕೊಂಡು ಒಬ್ಬಳೇ ನೋಡತೊಡಗಿದೆ. ಅಂಕ ಇಳಿಯಿತು. ತಡಿ ಎನ್ನುವವರಿಲ್ಲದೆ ಅವಸರ ಮಾಡುತ್ತಿದ್ದೆ.

ಮಳೆಗಾಲ ಕಳೆದು ಒಂದು ದಿನ ಆಟ ತೆರೆದರೆ ನಕ್ಷತ್ರಗಳ ಗೆರೆ ಕಾಣೆ. ಆ ಕೆಲಸ ಮುಗಿಯಿತು, ಇನ್ನು ಬೇರೆ ಸಂಶೋಧನೆ ಎಂಬ ಸೂಚನೆ ಹಾಕಿದ್ದರು. ಕಿಟಕಿಯಲ್ಲಿ ಬಣ್ಣಬಣ್ಣದ ಚುಕ್ಕಿಗಳ ಗುಂಪು. ಓದಿ ನೋಡಿದೆ. ರಕ್ತದ ಕಣಗಳು. ಒಂದೊಂದು ಜಾತಿಯ ಕಣದ ಸುತ್ತ ಗೆರೆ ಎಳೆದು ಬೇರ್ಪಡಿಸಬೇಕಂತೆ, ರೋಗಗಳ ಸಂಶೋಧನೆಗೆ ಅನುಕೂಲವಂತೆ. ನನ್ನ ಎಡಗೈಯಿಂದ ಹೊರಟ ಕೊಳವೆ ಕಣ್ಣೆದುರೇ ಇತ್ತು. ಒಂದು ಚಿತ್ರಕ್ಕೂ ಗೆರೆ ಎಳೆಯಲಾಗಲಿಲ್ಲ.

ಸಿಸ್ಟರ್‌ಗೆ ತೋರಿಸಿದೆ. ಅವರು ನೋಡಿ, "ಅಯ್ಯ ಶಿವನ, ಇಲ್ಲಿಗೂ ಬಂತೇನ್ರಿ ರಕ್ತ" ಎಂದು ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. "ಒಳ್ಳೆ ಕೆಲಸಾನ ಅದು. ಆದ್ರ ನಿಮಗ ಬ್ಯಾಡ, ಬಿಡ್ರಿ" ಎಂದು ತಾವೇ ಕಿಟಕಿ ಮುಚ್ಚಿದರು.

ಭಟ್ಟರು ಫೋನು ಮಾಡಿದ್ದು ಅದಾಗಿ ಒಂದು ತಿಂಗಳಿಗೆ. ಅಂಗಡಿಯ ನಂಬರು ಹುಡುಕಿ, ನನ್ನ ಗಂಡನಿಂದ ನನ್ನ ನಂಬರು ತೆಗೆದುಕೊಂಡು ಮಾಡಿದ್ದರು. ಅಲ್ಲಿಯ ಕೋಣೆಯಲ್ಲಿ ಎಸಿ ಇದೆ, ಚಳಿಗೆ ಎರಡು ಶಾಲು ಬೇಕು, ಹುಡುಗಿಯರು ಸೂಜಿ ಹಾಕುವಾಗ ಕೈ ನಡುಗಿಸುತ್ತಾರೆ, ನಮ್ಮ ಸಿಸ್ಟರ್ ಕೈ ಯಾರಿಗೂ ಇಲ್ಲ. ಹೀಗೆ ಹೇಳುತ್ತ ಹೋದರು. ನಕ್ಷತ್ರದ ಮಾತು ಎತ್ತಲೇ ಇಲ್ಲ. ನನಗೆ ಒಳಗೆ ಸ್ವಲ್ಪ ಚುಚ್ಚಿತು. ಕೊನೆಗೆ ನಾನೇ ಹೇಳಿದೆ.

"ಭಟ್ರೆ, ಆ ಆಟದಲ್ಲಿ ಈಗ ನಕ್ಷತ್ರ ಇಲ್ಲ. ರಕ್ತ ಹಾಕಿದಾರೆ."

"ರಕ್ತವ?" ಎಂದರು. "ಅದು ಬೇಡ ಮಾರಾಯ್ತಿ. ಅದನ್ನ ನೋಡಿ ನೋಡಿ ಸಾಕಾಯ್ದು." ಮತ್ತೆ ಕೇಳಿದರು, "ಯಂಗ ಕಳಿಸಿದ್ದರಲ್ಲಿ ಯಾವ್ದಾದ್ರೂ ಹೊಸತು ಸಿಕ್ಕಿದ್ದನ?"

"ಗೊತ್ತಿಲ್ಲ ಭಟ್ರೆ. ನಾವು ಕಳಿಸಿದ್ದು ಏನಾಯ್ತು ಅಂತ ಹೇಳೋದಿಲ್ಲ ಅವರು."

"ಸಿಕ್ಕಿಕ್ಕು" ಎಂದರು. ಸಿಕ್ಕಿರಬಹುದು ಎಂದು ಅದರ ಅರ್ಥ. ಅಷ್ಟರಲ್ಲಿ ಅವರ ಸೊಸೆ ಊಟಕ್ಕೆ ಕರೆದದ್ದು ಕೇಳಿಸಿತು. "ಬಂದೆ" ಎಂದು ಅವಳಿಗೆ ಹೇಳಿ ಫೋನು ಇಟ್ಟರು.

ನಕ್ಷತ್ರದ ಗೆರೆಗಳನ್ನು ಈಗಲೂ ಜನರಿಗೆ ತೋರಿಸುವ ಬೇರೆ ಜಾಲತಾಣವೊಂದನ್ನು ಸಿಸ್ಟರ್ ಹುಡುಕಿ ಕೊಟ್ಟಿದ್ದಾರೆ. ಅಲ್ಲಿ ನೌಕೆಯೂ ಇಲ್ಲ, ಕೋಟೂ ಇಲ್ಲ. ಮೈ ಸರಿಯಿದ್ದ ದಿನ ನಾಲ್ಕಾರು ನೋಡುತ್ತೇನೆ. ಮೊನ್ನೆ ಶುಕ್ರವಾರ ಲ್ಯಾಪ್‌ಟಾಪ್ ಒಯ್ದಿದ್ದೆ, ಚೀಲದಿಂದ ತೆಗೆಯಲಿಲ್ಲ. ಸೂಜಿ ಹಾಕಿಸಿಕೊಂಡದ್ದು ನೆನಪಿದೆ. ಆಮೇಲೆ ಸಿಸ್ಟರ್ ಎಬ್ಬಿಸಿ "ಮುಗೀತ್ರಿ ಅಕ್ಕಾರ, ಇವತ್ತು ಚಂದ ನಿದ್ದಿ ಮಾಡಿದ್ರಿ" ಎಂದಾಗಲೇ ಎಚ್ಚರ.